ಊಟಿಯಲ್ಲಿ ಬಾಡಿಗೆ ಮನೆ: ಬಿಸಿಲು ಎಷ್ಟು ಹೊತ್ತಿಗೆ ಬರುತ್ತದೆ?

ಪ್ರಶ್ನೆ: ಊಟಿಯ ಖಾಸಗಿ ಶಾಲೆಯೊಂದರಲ್ಲಿ ನನಗೆ ಗಣಿತ ಶಿಕ್ಷಕನ ಕೆಲಸ ಸಿಕ್ಕಿದೆ. ಜೂನ್ ಮೊದಲ ವಾರ ಸೇರಬೇಕು. ಹೆಂಡತಿ, ನಾಲ್ಕನೇ ತರಗತಿಗೆ ಹೋಗುವ ಮಗಳು, 68 ವರ್ಷದ ತಾಯಿ ಜೊತೆಗೆ ಬರುತ್ತಾರೆ. ತಾಯಿಗೆ ಉಬ್ಬಸ ಮತ್ತು ಮಂಡಿನೋವು ಇದೆ. ಸದ್ಯಕ್ಕೆ ಅವರು ಅಕ್ಕನ ಮನೆಯಲ್ಲಿದ್ದಾರೆ. ಮೇ ತಿಂಗಳಲ್ಲಿ ಹೋಗಿ ಮೂರು ಮನೆ ನೋಡಿ ಬಂದೆವು. ಮೊದಲನೆಯದು ಕೆರೆಯ ಹತ್ತಿರ ತಗ್ಗಿನಲ್ಲಿದೆ; ನೆಲಮಹಡಿ, ಕಿಟಕಿಯಿಂದ ನೀರು ಕಾಣುತ್ತದೆ, ಬಾಡಿಗೆ 9,000 ರೂಪಾಯಿ. ಎರಡನೆಯದು ಫರ್ನ್‌ಹಿಲ್ ಕಡೆಯ ಇಳಿಜಾರಿನಲ್ಲಿದೆ. 12,000 ರೂಪಾಯಿ, ರಸ್ತೆಯಿಂದ ಐವತ್ತು ಮೆಟ್ಟಿಲು ಹತ್ತಬೇಕು. ಮೂರನೆಯದು ಕೂನೂರಿನಲ್ಲಿ, ಚಹಾ ತೋಟದ ಅಂಚಿನಲ್ಲಿ. ಮನೆಯವರಿಗೆಲ್ಲ ಕೆರೆಯ ಮನೆ ಹಿಡಿಸಿದೆ. ನೀವು ಊಟಿಯಲ್ಲಿ ವರ್ಷಗಟ್ಟಲೆ ಇದ್ದವರೆಂದು ಈ ಅಂಕಣದಲ್ಲೇ ಓದಿದ್ದೆ. ಯಾವ ಮನೆ ಹಿಡಿಯಲಿ, ಮೇಡಂ?
– ಎಸ್. ಎಂ., ದಾವಣಗೆರೆ

ಉತ್ತರ: ಕೆರೆಯ ಮನೆ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅಂಥದೇ ಒಂದು ಮನೆಯಲ್ಲಿ ನಾವು ಒಂದು ಚಳಿಗಾಲ ಕಳೆದಿದ್ದೇವೆ.

ನನ್ನ ಯಜಮಾನರಿಗೆ 1996ರಲ್ಲಿ ಮೈಸೂರಿನಿಂದ ಊಟಿಗೆ ವರ್ಗವಾಯಿತು. ನಾವೂ ಮೇ ತಿಂಗಳಲ್ಲೇ ಮನೆ ನೋಡಿದೆವು. ಹೂವಿನ ಪ್ರದರ್ಶನದ ದಿನಗಳು, ಎಳೆ ಬಿಸಿಲು. ತಗ್ಗಿನ ಆ ಮನೆಯ ಅಂಗಳದಲ್ಲಿ ನಿಂತು ನಮ್ಮ ಅತ್ತೆಯವರು, “ಇದಕ್ಕಿಂತ ಇನ್ನೇನು ಬೇಕು?” ಎಂದರು. ಡಿಸೆಂಬರಿನಲ್ಲಿ ಅದೇ ಅಂಗಳಕ್ಕೆ ಬಿಸಿಲು ಇಳಿಯುತ್ತಿದ್ದುದು ಹತ್ತೂವರೆಗೆ. ಮೂರು ಗಂಟೆಗೆಲ್ಲ ಹಿಂದಿನ ಗುಡ್ಡ ಅದನ್ನು ಮರೆಮಾಡುತ್ತಿತ್ತು. ಎದುರಿನ ಇಳಿಜಾರಿನ ಮನೆಗಳಲ್ಲಿ ಏಳೂವರೆಗೇ ಕಂಬಳಿ ಒಣಹಾಕುತ್ತಿದ್ದರು. ನಮ್ಮ ಅತ್ತೆಯವರು ಕೆಮ್ಮುತ್ತ, ಶಾಲು ಹೊದ್ದು, ಕಿಟಕಿಯಿಂದ ಆ ಕಂಬಳಿಗಳನ್ನೇ ನೋಡುತ್ತ ಕೂರುತ್ತಿದ್ದರು. ಅದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರ ಎಂದಮೇಲೆ ಮೇಲೆ ಹೋದಷ್ಟೂ ಚಳಿ ಹೆಚ್ಚು ಎಂದು ನಾವು ಬಯಲುಸೀಮೆಯವರು ಅಂದುಕೊಳ್ಳುತ್ತೇವೆ. ಊರೊಳಗೆ, ಚಳಿಗಾಲದ ರಾತ್ರಿಯಲ್ಲಿ, ಲೆಕ್ಕ ತಿರುಗಿಬೀಳುತ್ತದೆ. ಆಕಾಶ ತಿಳಿಯಾಗಿದ್ದ ರಾತ್ರಿ ನೆಲದ ಶಾಖವೆಲ್ಲ ಬೇಗ ಆರಿಹೋಗುತ್ತದೆ. ತಣ್ಣಗಾದ ಗಾಳಿ ಭಾರವಾಗಿ, ನೀರಿನ ಹಾಗೆ ಇಳಿಜಾರಿನಲ್ಲಿ ಜಾರಿ ಬಂದು ತಗ್ಗಿನಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಹಾಗಾಗಿಯೇ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾಗುವ ಸುದ್ದಿ ಪ್ರತಿವರ್ಷ ಬರುವುದು ತಲೈಕುಂದಾ, ಕಾಂದಲ್, ರೇಸ್ ಕೋರ್ಸ್, ಬೊಟಾನಿಕಲ್ ಗಾರ್ಡನ್ ಇಂಥ ತಗ್ಗು ಜಾಗಗಳಿಂದ. ನಮ್ಮ ಮನೆಯ ಪಕ್ಕದಲ್ಲಿ ಒಬ್ಬರು ಆಲೂಗೆಡ್ಡೆ ಹಾಕಿದ್ದರು. ಒಂದು ಜನವರಿಯ ಬೆಳಿಗ್ಗೆ ಕೆಳಗಿನ ಮಡಿಗಳ ಎಲೆಗಳೆಲ್ಲ ಬೆಂದಂತೆ ಕಪ್ಪಾಗಿದ್ದವು. ಇಪ್ಪತ್ತು ಅಡಿ ಮೇಲಿನ ಮಡಿಗಳಲ್ಲಿ ಒಂದೆಲೆಯೂ ಬಾಡಿರಲಿಲ್ಲ. ಅವರು ನೀಲಗಿರಿಯ ಬಡಗ ಸಮುದಾಯದವರು. ಬಡಗರ ಮಾತು ನಮ್ಮ ಕನ್ನಡಕ್ಕೆ ತೀರ ಹತ್ತಿರದ್ದು, ಸ್ವಲ್ಪ ಕಿವಿಗೊಟ್ಟರೆ ತಿಳಿಯುತ್ತದೆ. ಆ ಹಿರಿಯರು ನನ್ನನ್ನು ಕೇಳಿದರು, “ನಮ್ಮ ಹಟ್ಟಿಗಳನ್ನು ನೋಡಿದ್ದೀಯಾ ಮಗಳೇ, ಎಲ್ಲಿ ಕಟ್ಟಿದ್ದೇವೆ?” ಆಮೇಲೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಗಮನಿಸಿದೆ. ಬೆಳೆ ಕೆಳಗೆ, ಸಾಲುಮನೆಗಳು ಗುಡ್ಡದ ಮೈಮೇಲೆ. ತಲೆತಲಾಂತರದಿಂದ ಆ ಬೆಟ್ಟದಲ್ಲಿ ಬಾಳಿದವರ ಆಯ್ಕೆ ಅದು. ಫೆಬ್ರವರಿಯಲ್ಲಿ ನಾವೂ ಮೇಲಿನ ಮನೆಗೆ ಹೋದೆವು. ಅಲ್ಲಿ ಹತ್ತು ವರ್ಷ ಇದ್ದೆವು.

ಆದ್ದರಿಂದ ನಿಮ್ಮ ಎರಡನೆಯ ಮನೆಯ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಆದರೆ ತಾಯಿಯವರ ಮಂಡಿಗೆ ಐವತ್ತು ಮೆಟ್ಟಿಲು ಆಗದು. ಮಳೆಗಾಲದಲ್ಲಿ ಆ ಮೆಟ್ಟಿಲುಗಳ ಮೇಲೆ ಪಾಚಿ ಬೆಳೆಯುತ್ತದೆ. ಬಿದ್ದರೆ ಸೊಂಟ ಮುರಿಯುತ್ತದೆ. ಬೆಟ್ಟದ ಊರುಗಳಲ್ಲಿ ಒಂದು ಅನುಕೂಲವಿದೆ: ಒಂದೇ ಇಳಿಜಾರಿಗೆ ಕೆಳಗೊಂದು ರಸ್ತೆ, ಮೇಲೊಂದು ರಸ್ತೆ ಇರುತ್ತದೆ. ಮೇಲಿನ ರಸ್ತೆಯ ಮಟ್ಟದಲ್ಲೇ ಬಾಗಿಲಿರುವ ಮನೆ ಬೇಕೆಂದು ಅದೇ ಕಡೆಯಲ್ಲಿ ವಿಚಾರಿಸಿ. ಆಟೋ ಬಾಗಿಲಿಗೆ ಬರುತ್ತದೆ, ಅಡುಗೆ ಅನಿಲದ ಸಿಲಿಂಡರೂ ಬರುತ್ತದೆ. ದಲ್ಲಾಳಿಗಿಂತ ಔಷಧಿ ಅಂಗಡಿಯವರು, ಹಾಲಿನವರು ಇದನ್ನು ಚೆನ್ನಾಗಿ ಹೇಳಬಲ್ಲರು.

ಮನೆಯೊಳಗೆ ಹೋದಾಗ ಕಿಟಕಿ ಯಾವ ದಿಕ್ಕಿಗಿದೆ ನೋಡಿ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ತಾಯಿಯವರು ಮಲಗುವ ಕೋಣೆಗೆ ಪೂರ್ವಕ್ಕೋ ದಕ್ಷಿಣಕ್ಕೋ ಕಿಟಕಿ ಇರಲೇಬೇಕು. ಆಮೇಲೆ ಮನೆಯವರ ಅನುಮತಿ ಪಡೆದು ಬೀರುವನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಹಿಂದಿನ ಗೋಡೆಗೆ ಅಂಗೈ ಒತ್ತಿ. ಕೈಗೆ ಪಸೆ ಹತ್ತಿದರೆ, ಮುಗ್ಗಲು ವಾಸನೆ ಬಂದರೆ ಅಲ್ಲಿಂದ ಹೊರಟುಬಿಡಿ. ಹೊಸ ಸುಣ್ಣ ಬಳಿದಿದ್ದರೆ ಇನ್ನೂ ಎಚ್ಚರ. ಜುಲೈ, ಆಗಸ್ಟ್‌ನಲ್ಲಿ ಚಪ್ಪಲಿಯ ಮೇಲೆ ಬೂಷ್ಟು ಬೆಳೆಯುವ ಊರು ಅದು. ಉಬ್ಬಸದವರಿಗೆ ಒಣ ಚಳಿಗಿಂತ ಈ ಬೂಷ್ಟಿನದೇ ನನಗೆ ಹೆಚ್ಚು ಭಯ. ಹಿಂಬದಿ ಗುಡ್ಡ ಕಡಿದು ಕಟ್ಟಿದ ಮನೆಯಾದರೆ ತಡೆಗೋಡೆಯನ್ನು ನೋಡಿ: ನೀರು ಹೊರಬರಲು ತೂತುಗಳಿವೆಯೇ, ಗೋಡೆ ಉಬ್ಬಿದೆಯೇ, ಮೇಲಿನ ಮರಗಳು ವಾಲಿವೆಯೇ? 2009ರ ನವೆಂಬರಿನ ಮಳೆಯಲ್ಲಿ ನೀಲಗಿರಿಯಲ್ಲಿ ಗುಡ್ಡ ಕುಸಿದು ನಲವತ್ತಕ್ಕೂ ಹೆಚ್ಚು ಜನ ತೀರಿಕೊಂಡರು.

ನೀರಿನ ವಿಚಾರವನ್ನು ಮಾಲೀಕರ ಬದಲು ಪಕ್ಕದ ಮನೆಯವರನ್ನು ಕೇಳಿ. ಪಾರ್ಸನ್ಸ್ ವ್ಯಾಲಿಯಿಂದ ಊರಿಗೆ ನೀರು ಬರುತ್ತದೆ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ನಿಮ್ಮ ಮನೆಗೆ ಬೇರೆಯೇ ತೊಟ್ಟಿ ಇದೆಯೇ ಎಂಬುದು ಮುಖ್ಯ. ಕರಾರನ್ನು ಬರೆಸಿಕೊಳ್ಳಿ, ತಮಿಳುನಾಡಿನ 2017ರ ಬಾಡಿಗೆ ಕಾಯ್ದೆಯ ಪ್ರಕಾರ ಲಿಖಿತ ಕರಾರು ಇರಲೇಬೇಕು. ಅದರಲ್ಲಿ ಏಪ್ರಿಲ್, ಮೇ ತಿಂಗಳೂ ಸೇರಿ ಪೂರ್ತಿ ಅವಧಿಗೆ ಮನೆ ನಿಮ್ಮದೆಂದು ಸ್ಪಷ್ಟವಾಗಿರಲಿ. ಸೀಸನ್ನಿಗೆ ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡುವ ಆಸೆಯಿಂದ ಮಾರ್ಚ್ ಕೊನೆಗೆ ನಮ್ಮ ಸ್ನೇಹಿತರೊಬ್ಬರನ್ನು ಮಕ್ಕಳ ಪರೀಕ್ಷೆಯ ನಡುವೆ ಬಿಡಿಸಿದರು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಕೂನೂರು ಸುಮಾರು 400 ಮೀಟರ್ ಕೆಳಗಿದೆ, ಚಳಿ ಎರಡು ಮೂರು ಡಿಗ್ರಿ ಕಡಿಮೆ. ತಾಯಿಯವರೊಬ್ಬರನ್ನೇ ನೋಡಿದರೆ ಅದೇ ಒಳ್ಳೆಯದು. ಆದರೆ ದಿನಾ ಹೋಗಿಬರಲು ಮೂವತ್ತೈದು ಕಿಲೋಮೀಟರಿಗೂ ಹೆಚ್ಚು, ಮಂಜು, ಸೀಸನ್ನಿನ ವಾಹನಸಾಲು. ಚಹಾ ತೋಟದ ಅಂಚಿನ ಮನೆಗಳ ಸುತ್ತ ಕಾಡುಕೋಣ ಸಂಜೆಯಾದರೆ ದನದ ಹಾಗೆ ಓಡಾಡುತ್ತವೆ. ನಾಲ್ಕನೇ ತರಗತಿಯ ಮಗು ಒಂಟಿಯಾಗಿ ನಡೆಯುವ ದಾರಿಯಲ್ಲ.

ಇನ್ನೊಂದು ಮಾತನ್ನು ನಿಮ್ಮ ಮನೆಯವರೆಲ್ಲರಿಗೂ ಓದಿ ಹೇಳಿ. ಕೋಣೆಯ ಬಾಗಿಲು ಮುಚ್ಚಿಕೊಂಡು ಇದ್ದಿಲ ಕೆಂಡ ಇಟ್ಟು ಎಂದೂ ಮಲಗಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇರುವ ಮನೆಯಾದರೆ ಅದನ್ನು ಹೊರಗೆ ಕೂರಿಸಿಕೊಡಿ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ಊರಿಗೆ ಬಂದುಹೋಗುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿಮ್ಮ ಕಾರನ್ನು ಬಿಡುವುದಿಲ್ಲ. ಹೊರಗಿನ ನೋಂದಣಿಯ ವಾಹನಗಳಿಗೆ 2024ರ ಮೇ ತಿಂಗಳಲ್ಲಿ ಇ-ಪಾಸ್ ಪದ್ಧತಿಯನ್ನೂ ತಂದಿದ್ದಾರೆ. ತಾಯಿಯವರ ಔಷಧಿ, ಇನ್‌ಹೇಲರ್ ಯಾವಾಗಲೂ ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲ ಎರಡು ಮೂರು ತಿಂಗಳಿಗೆ ಶಾಲೆಯ ಹತ್ತಿರ ಎರಡು ಕೋಣೆಯ ಸಣ್ಣ ಮನೆ ಹಿಡಿದು ಹೆಂಡತಿ, ಮಗಳೊಂದಿಗೆ ಇರುತ್ತಿದ್ದೆ. ಮಳೆಗಾಲದಲ್ಲಿ ಯಾವ ಮನೆ ಸೋರುತ್ತದೆ, ಯಾವ ಗೋಡೆ ಬೆವರುತ್ತದೆ ಎಂದು ನಡೆದಾಡಿ ನೋಡಿಕೊಂಡು ಆಮೇಲೆ ದೊಡ್ಡ ಮನೆ ಹಿಡಿಯುತ್ತಿದ್ದೆ. ತಾಯಿಯವರು ಅಲ್ಲಿಯವರೆಗೆ ಅಕ್ಕನ ಮನೆಯಲ್ಲೇ ಇರಲಿ. ಹೊರಡುವ ಮೊದಲು ಅವರ ವೈದ್ಯರಿಗೆ ಊಟಿಯ ವಿಷಯ ತಿಳಿಸಿ. ನಿಮ್ಮ ಹೆಂಡತಿಯವರಿಗೆ ಹೇಳಿ: ದೋಸೆ ಹಿಟ್ಟು ರಾತ್ರಿ ಕಳೆದರೂ ಉಬ್ಬುವುದಿಲ್ಲ, ಪಾತ್ರೆಗೆ ಕಂಬಳಿ ಸುತ್ತಿ ಒಲೆಯ ಪಕ್ಕ ಇಡಬೇಕು. ಅಷ್ಟು ಎತ್ತರದಲ್ಲಿ ನೀರು 92–93 ಡಿಗ್ರಿಗೇ ಕುದಿಯುವುದರಿಂದ ತೊಗರಿಬೇಳೆ ಪಾತ್ರೆಯಲ್ಲಿ ಬೇಯಲು ಸತಾಯಿಸುತ್ತದೆ. ಕುಕ್ಕರ್ ಮರೆಯದೆ ತರಲಿ. ತೆಂಗಿನೆಣ್ಣೆಯನ್ನು ಅಗಲ ಬಾಯಿಯ ಡಬ್ಬಿಗೆ ಹಾಕಿಡಲಿ, ಸೀಸೆಯಲ್ಲಿಟ್ಟರೆ ಗಟ್ಟಿಯಾಗಿ ಹೊರಗೆ ಬರುವುದಿಲ್ಲ.