ಸಣ್ಣ ಕಾರು, ನಾಲ್ಕೂ ಚಕ್ರಕ್ಕೆ ಪವರ್, ರಿಪೇರಿ ಮನೆ ಅಂಗಳದಲ್ಲೇ

ಪ್ರಶ್ನೆ: ಸರ್, ನಮ್ಮನೆ ಹೊಸನಗರದಿಂದ ಬಿದನೂರು ನಗರಕ್ಕೆ ಹೋಗೋ ದಾರೀಲಿ ಒಳಗೆ ಮೂರು ಕಿಲೋಮೀಟರ್. ಮಣ್ಣು ದಾರಿ, ಕೊನೇಗೆ ಒಂದು ಹಳ್ಳ ದಾಟಿ ಏರು ಹತ್ತಬೇಕು. ಆರಿದ್ರಾ ಮಳೆ ಹಿಡೀತು ಅಂದ್ರೆ ಈಗಿರೋ ಹ್ಯಾಚ್‌ಬ್ಯಾಕನ್ನ ಏರಿನ ಬುಡದಲ್ಲೇ ಬಿಟ್ಟು ಕೊಡೆ ಹಿಡ್ಕೊಂಡು ನಡೆಯೋದೇ. ಆಲ್ ವೀಲ್ ಡ್ರೈವ್ ಇರೋ ಚಿಕ್ಕ ಕಾರು ಬೇಕು, ದೊಡ್ಡದು ನಮ್ಮ ದಣಪೆ (ಬೇಲಿ ಬಾಗಿಲು) ದಾಟಲ್ಲ. ಟಿಲ್ಲರ್, ಪಂಪ್‌ಸೆಟ್ ಬಿಚ್ಚಿ ಅಭ್ಯಾಸ ಇದೆ, ಕಾರಿನ ಸರ್ವಿಸೂ ನಾನೇ ಮಾಡ್ಕೋಬೇಕು ಅಂತ ಆಸೆ. ಹಳೇ ಜಿಪ್ಸಿ ಒಂದು ಸಿಗುತ್ತೆ ಅಂತಿದಾರೆ, ತಗೊಳ್ಲಾ?

ಉತ್ತರ: ಟಿಲ್ಲರ್ ಬಿಚ್ಚಿದವರಿಗೆ ಕಾರಿನ ಅಡಿ ಏನೂ ಹೆದರಿಸಲ್ಲ ಬಿಡಿ. ಮೊದ್ಲು ಒಂದು ಗೊಂದಲ ಬಿಡಿಸ್ಕೊಳ್ಳೋಣ. ಆಲ್ ವೀಲ್ ಡ್ರೈವ್, ಫೋರ್ ಬೈ ಫೋರ್ ಅಂತ ಶೋರೂಮಲ್ಲಿ ಒಂದೇ ಉಸಿರಲ್ಲಿ ಹೇಳ್ತಾರೆ, ಅಡಿಗೆ ಹೋಗಿ ನೋಡಿದ್ರೆ ಎರಡೂ ಬೇರೆ ಬೇರೆ. ಮಾರುತಿ ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್ ಥರದ್ರಲ್ಲಿ ಮಾಮೂಲಿಗೆ ಮುಂದಿನ ಚಕ್ರ ಎಳೆಯುತ್ತೆ, ಜಾರಿದಾಗ ಕಂಪ್ಯೂಟರ್ ಹೇಳಿ ಒಂದು ಕಪ್ಲಿಂಗ್ ಹಿಡ್ಕೊಂಡು ಹಿಂದಕ್ಕೂ ಪವರ್ ಹೋಗುತ್ತೆ. ಅದ್ರಲ್ಲಿ ಸ್ನೋ ಅಂತ ಒಂದು ಮೋಡೂ ಇದೆ, ನಗರದ ಕೆರೆ ಏರಿ ಮೇಲೆ ಹಿಮ ಬಿದ್ದ ದಿನ ಹಾಕ್ಕೋಬಹುದು (ತಮಾಷೆಗೆ ಹೇಳಿದ್ದು, ಜಾರೋ ಕೆಸರಿಗೂ ಅದು ಬರುತ್ತೆ). ಓಡಿಸೋಕೆ ಸುಖ, ಆದ್ರೆ ಆ ಕಪ್ಲಿಂಗ್ ಕೈಕೊಟ್ರೆ ಸ್ಪ್ಯಾನರ್ ಸಾಕಾಗಲ್ಲ, ಸ್ಕ್ಯಾನರ್ ಬೇಕು, ಮತ್ತೆ ನಾಲ್ಕೂ ಟೈರ್ ಸಮ ಸವೆದಿರ್ಬೇಕು, ಒಂದು ಹರಿದ್ರೆ ಒಂದೇ ಹೊಸದು ಹಾಕೋ ಹಂಗಿಲ್ಲ. ಅಗಲ 1795 ಮಿಲಿಮೀಟರ್, ದಣಪೆನೇ ಕೇಳ್ಬೇಕು.

ನಿಮಗೆ ಬೇಕಿರೋದು ಪಾರ್ಟ್‌ಟೈಮ್ ಫೋರ್ ಬೈ ಫೋರ್. ಅಂದ್ರೆ ಜಿಮ್ನಿ, ಥಾರ್, ಜಿಪ್ಸಿ. ಲಿವರ್ ಎಳೆದ್ರೆ ಮುಂದಿನ ಚಕ್ರ ಸೇರ್ಕೊಳ್ಳುತ್ತೆ, ಏರಿಗೆ ಫೋರ್ ಎಲ್ (ನಾಲ್ಕೂ ಚಕ್ರಕ್ಕೆ ಪವರ್, ನಿಧಾನ ಆದ್ರೆ ಎಳೆತ ಜಾಸ್ತಿ) ಇದೆ, ಕೆಟ್ರೆ ಏನು ಕೆಟ್ಟಿದೆ ಅಂತ ಕಣ್ಣಿಗೆ ಕಾಣುತ್ತೆ.

ಥಾರ್ ಗಟ್ಟಿ, ಆದ್ರೆ ವಿಟಾರಾಗಿಂತ ಅಗಲ, ಮತ್ತೆ ದಿನಾ ಮೂರು ಕಿಲೋಮೀಟರ್ ಹೋಗಿ ಬಂದು ನಿಲ್ಲಿಸೋರಿಗೆ ಈಗಿನ ಡೀಸೆಲ್ ಗಾಡಿ ಬೇಡ ಅಂತೀನಿ, ಸೈಲೆನ್ಸರ್ ಲೈನಲ್ಲಿರೋ ಫಿಲ್ಟರಿಗೆ ಮಸಿ ಕಟ್ಟುತ್ತೆ, ಅದು ಸುಟ್ಟು ಹೋಗ್ಬೇಕಂದ್ರೆ ದೂರ ಓಡಿಸಿ ಬಿಸಿ ಮಾಡ್ಬೇಕು. ಸೆಕೆಂಡ್ ಹ್ಯಾಂಡ್ ಡಸ್ಟರ್ ಆಲ್ ವೀಲ್ ಡ್ರೈವ್ ಒಳ್ಳೇ ಗಾಡಿನೇ, ಟೈಮಿಂಗ್ ಬೆಲ್ಟ್ (ಇಂಜಿನ್ ವಾಲ್ವುಗಳನ್ನ ಹೊತ್ತಿಗೆ ಸರಿಯಾಗಿ ಆಡಿಸೋ ಬೆಲ್ಟು) ಬದಲಾಯಿಸಿದ ಬಿಲ್ ಇಲ್ದೆ ಮುಟ್ಬೇಡಿ.

ಜಿಪ್ಸಿ ವಿಷಯಕ್ಕೆ ಬರೋಣ. 1985ರಿಂದ 2019ರವರೆಗೆ ಬಂದ ಗಾಡಿ, ಅಗಲ ಬರೀ 1540, ಪ್ಲೇಟ್ ಸ್ಪ್ರಿಂಗು, ನಿಮ್ಮಂಥೋರಿಗೆ ಆಟದ ಸಾಮಾನು ಇದ್ದಂಗೆ. ನಂಗೂ ಅದ್ರ ಮೇಲೆ ಪ್ರೀತಿ ಇದೆ. ಆದ್ರೆ ಮನೇಲಿ ವಯಸ್ಸಾದ ಅಮ್ಮ ಇದ್ರೆ, ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋಗೋ ಗಾಡಿನೂ ಇದೇ ಆಗ್ಬೇಕಿದ್ರೆ ಬೇಡ ಕಣ್ರೀ, ಸೊಂಟ ಹೋಗುತ್ತೆ. ತೋಟಕ್ಕೆ ಅಂತ ಎರಡನೇ ಗಾಡಿಯಾದ್ರೆ ತಗೊಳಿ. ತಗೊಳ್ಳೋ ಮುಂಚೆ ಚಾಸಿಗೆ ಸುತ್ತಿಗೆ ಹಿಡಿಯಿಂದ ತಟ್ಟುತ್ತಾ ಹೋಗಿ, ತುಕ್ಕು ತಿಂದ ಕಡೆ ಸದ್ದು ಮಂಕಾಗುತ್ತೆ. 15 ವರ್ಷ ದಾಟಿದ್ರೆ ರಿಜಿಸ್ಟ್ರೇಷನ್ ರಿನ್ಯೂ ಆಗಿದ್ಯಾ ನೋಡಿ.

ಒಂದೇ ಗಾಡಿ ಅಂದ್ರೆ ನನ್ನ ಓಟು ಜಿಮ್ನಿ ಮ್ಯಾನ್ಯುಯಲ್‌ಗೆ. ಅಗಲ 1645, ನೆಲದಿಂದ ಎತ್ತರ 210 ಮಿಲಿಮೀಟರ್, ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಇಂಜಿನ್ 2018ರ ಎರ್ಟಿಗಾ, ಸಿಯಾಜ್‌ಗೆ ಹಾಕಿದ್ದೇ, ಹಾಗಾಗಿ ಆಯಿಲ್ ಫಿಲ್ಟರು, ಪ್ಲಗ್ಗು ಅಂತ ಬೆಂಗಳೂರಿಗೆ ಫೋನ್ ಮಾಡೋ ಪ್ರಮೇಯ ಇಲ್ಲ. ಟೈಮಿಂಗಿಗೂ ಬೆಲ್ಟ್ ಅಲ್ಲ, ಚೈನು. ಡಿಕ್ಕಿ ಚಿಕ್ಕದು, ಅದೊಂದು ಗೊಣಗಾಟ ಮನೆಯಲ್ಲಿ ಇದ್ದೇ ಇರುತ್ತೆ. ವಾರಂಟಿ ಇರೋವರೆಗೆ ಕಂಪನಿ ಸರ್ವಿಸ್ ತಪ್ಪಿಸ್ಬೇಡಿ, ಬಿಲ್ ಇಟ್ಕೊಳಿ.

ಇಂಜಿನ್ ಆಯಿಲ್ ಎಲ್ರೂ ಬದಲಾಯಿಸ್ತಾರೆ, ಮರೆಯೋದು ಅಡಿಯಲ್ಲಿರೋ ಇನ್ನು ನಾಲ್ಕನ್ನ: ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು (ಪವರನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಪೆಟ್ಟಿಗೆ), ಮುಂದಿನ ಹಿಂದಿನ ಡಿಫರೆನ್ಷಿಯಲ್ಲು (ತಿರುವಲ್ಲಿ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು). ಹಳ್ಳ ದಾಟಿದಾಗ ಬಿಸಿ ಡಿಫರೆನ್ಷಿಯಲ್ ತಣ್ಣಗಾಗಿ ನೀರು ಒಳಗೆ ಎಳ್ಕೊಳ್ಳುತ್ತೆ. ಎಣ್ಣೆ ಕಷಾಯಕ್ಕೆ ಹಾಲು ಹಾಕಿದ ಬಣ್ಣಕ್ಕೆ ಬಂದಿದ್ರೆ ಅವತ್ತೇ ಚೆಲ್ಲಿ ಬೇರೆ ಹಾಕಿ. ಇಲ್ಲೊಂದು ಮಾತು, ಎಣ್ಣೆ ಇಳಿಸೋಕೆ ಮುಂಚೆ ಮೇಲಿನ ತುಂಬಿಸೋ ಬೋಲ್ಟ್ ಬಿಚ್ಚುತ್ತಾ ನೋಡ್ಕೊಳಿ. ನಾನು ಒಂದ್ಸಲ ಉಲ್ಟಾ ಮಾಡಿ, ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ, ಗಾಡಿ ಎರಡು ದಿನ ಕೊಟ್ಟಿಗೆಯಲ್ಲೇ ದನಗಳ ಜೊತೆ. ಮತ್ತೆ ಬರೀ ಜಾಕ್ ನಂಬಿ ಅಡಿಗೆ ಹೋಗ್ಬೇಡಿ, ಸ್ಟ್ಯಾಂಡ್ ಕೊಡಿ. ಅಡಿಕೆಗೆ ಕೊಳೆ ಔಷಧಿ ಹೊಡೆಯೋ ಟೈಮಲ್ಲಿ ಮೈಲುತುತ್ತದ ಡ್ರಮ್ ಹಿಂದೆ ಇಟ್ಕೊಂಡು ಹೋಗೋ ಚಾಳಿ ಇದ್ರೆ ಬಿಡಿ, ಚೆಲ್ಲಿದ ಕಡೆ ಕಬ್ಬಿಣ ತಿಂದುಹಾಕುತ್ತೆ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ಮಳೆ ಇದ್ರೆ ಫೋರ್ ಎಚ್ (ಮಾಮೂಲಿ ವೇಗದಲ್ಲೇ ನಾಲ್ಕೂ ಚಕ್ರಕ್ಕೆ ಪವರ್) ಹಾಕ್ಕೋಬೇಕಾ? (ತೀರ್ಥಹಳ್ಳಿಯಿಂದ ಒಬ್ಬರು)

ಉತ್ತರ: ಬೇಡ. ಪಾರ್ಟ್‌ಟೈಮ್ ಗಾಡೀಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇಲ್ಲ, ತಿರುವಲ್ಲಿ ಮುಂದಿನ ಚಕ್ರ ಜಾಸ್ತಿ ದೂರ ಓಡ್ಬೇಕು, ಕೆಸರಲ್ಲಾದ್ರೆ ಜಾರಿ ಸರಿಹೋಗುತ್ತೆ, ಟಾರ್ ಮೇಲೆ ಹಲ್ಲು ಕಚ್ಕೊಂಡು ಸ್ಟೇರಿಂಗೇ ಬಿಗಿಯಾಗುತ್ತೆ. ಅಲ್ಲಿರೋದು 14 ಹೇರ್‌ಪಿನ್ ತಿರುವು. ಮತ್ತೆ ಬ್ರೇಕ್ ಎಲ್ಲಾ ಕಾರಿಗೂ ನಾಲ್ಕು ಚಕ್ರಕ್ಕೇ ಇರೋದು, ಫೋರ್ ಎಚ್ ಹಾಕಿದ್ರೆ ಬೇಗ ನಿಲ್ಲುತ್ತೆ ಅಂತೇನಿಲ್ಲ. ಟು ಎಚ್‌ನಲ್ಲೇ (ಹಿಂದಿನ ಎರಡೇ ಚಕ್ರಕ್ಕೆ ಪವರ್), ಎರಡನೇ ಗೇರಲ್ಲಿ ಇಳೀರಿ.