ಶಂಕರಘಟ್ಟದಲ್ಲಿ ಪ್ರೋಟೀನ್ ರಚನೆಯ ವಿಜ್ಞಾನಿ ಜಿ. ಎನ್. ರಾಮಚಂದ್ರನ್ ಗೌರವಾರ್ಥ ವಿಚಾರ ಸಂಕಿರಣ ಇದ್ದರೆ ಬಿ.ಎಸ್ಸಿ. ಓದುವವರಿಗೆ ಅರ್ಥವಾಗುತ್ತಾ?

ಖಂಡಿತ ಹೋಗಿ, ಶಿವಮೊಗ್ಗದಿಂದ ಶಂಕರಘಟ್ಟ ಏನು ದೂರ? ಮೊದಲು ರಾಮಚಂದ್ರನ್ ಪ್ಲಾಟ್ ಒಂದನ್ನು ಸರಿಯಾಗಿ ನೋಡಿಕೊಳ್ಳಿ, ಸಾಕು.

ಪ್ರೋಟೀನ್ ಸರಪಳಿಯಲ್ಲಿ ಪ್ರತಿ ಅಮೈನೋ ಆಮ್ಲದ ಹತ್ತಿರ ಫೈ, ಸೈ ಅಂತ ಎರಡು ತಿರುವಿನ ಕೋನಗಳಿವೆ. ಅವು ಬೇಕಾದ ಹಾಗೆ ತಿರುಗುವುದಿಲ್ಲ, ಪರಮಾಣುಗಳು ಒಂದಕ್ಕೊಂದು ತಾಗುತ್ತವೆ. ಯಾವ ಕೋನ ಆಗುತ್ತದೆ, ಯಾವುದು ಆಗಲ್ಲ ಅಂತ ರಾಮಚಂದ್ರನ್ 1963ರಲ್ಲಿ ಮದ್ರಾಸಿನಲ್ಲಿ ರಾಮಕೃಷ್ಣನ್, ಶಶಿಶೇಖರನ್ ಜೊತೆ ಲೆಕ್ಕ ಹಾಕಿ ನಕ್ಷೆಯಲ್ಲಿ ತೋರಿಸಿದರು, ಅದೇ ಈ ಪ್ಲಾಟ್. ಗ್ಲೈಸಿನ್ ಅನ್ನುವ ಅಮೈನೋ ಆಮ್ಲಕ್ಕೆ ಮಾತ್ರ ಜಾಸ್ತಿ ಸ್ವಾತಂತ್ರ್ಯ, ಅದರ ಪಕ್ಕಕ್ಕಿರುವುದು ಬರೀ ಒಂದು ಹೈಡ್ರೋಜನ್ ಅಲ್ವಾ. ನಮ್ಮ ಚರ್ಮ, ಮೂಳೆಯಲ್ಲಿರುವ ಕೊಲಾಜನ್ ಅನ್ನುವ ಪ್ರೋಟೀನ್ ಮೂರು ಎಳೆಯ ಹುರಿ ಅಂತ 1954ರಲ್ಲೇ ಹೇಳಿದವರೂ ಇವರೇ. ಅಲ್ಲಿ ಪ್ರತಿ ಮೂರನೆಯದು ಗ್ಲೈಸಿನ್, ಒಳಗೆ ಅದಕ್ಕಿಂತ ದೊಡ್ಡದಕ್ಕೆ ಜಾಗವೇ ಇಲ್ಲ.

ಇವರಿಗೆ ನೊಬೆಲ್ ಬರಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರ. ಹೋದಾಗ ಸಂಶೋಧನೆಯ ಪೋಸ್ಟರ್‌ಗಳ ಹತ್ತಿರ ನಿಂತು ಪ್ರಶ್ನೆ ಕೇಳಿ, ಭಾಷಣಕ್ಕಿಂತ ಅಲ್ಲೇ ಜಾಸ್ತಿ ತಿಳಿಯುತ್ತದೆ.