ಫುಟ್‌ಬಾಲ್‌ನಲ್ಲಿ ಗೋಲು ಗಳಿಸದ ಸ್ಟ್ರೈಕರ್ (ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ಮುಂಚೂಣಿ ಆಟಗಾರ) ಫಾರ್ಮ್ ಕಳೆದುಕೊಂಡಿದ್ದಾನೆಯೇ, ಹೊಸ ಪಾತ್ರಕ್ಕೆ ಹೊಂದಿಕೊಳ್ಳುತ್ತಿದ್ದಾನೆಯೇ?

ಗೋಲುಗಳ ಲೆಕ್ಕವೊಂದರಿಂದಲೇ ಇದನ್ನು ನಿರ್ಣಯಿಸಲಾಗದು. ಅವನಿಗೆ ಚೆಂಡು ಎಲ್ಲಿ ಸಿಗುತ್ತಿದೆ ಎಂಬುದನ್ನು ಮೊದಲು ನೋಡಬೇಕು. ಪೆನಾಲ್ಟಿ ಆವರಣದೊಳಗೆ ಹಿಂದಿನಷ್ಟೇ ಅವಕಾಶಗಳು ಒದಗುತ್ತಿದ್ದು ಹೊಡೆತಗಳು ಮಾತ್ರ ಗುರಿ ತಪ್ಪುತ್ತಿದ್ದರೆ ಅದು ಫಾರ್ಮ್‌ನ ಕುಸಿತವೇ ಸರಿ. ಆದರೆ ಮಿಡ್‌ಫೀಲ್ಡ್‌ನತ್ತ, ಅಂದರೆ ಮೈದಾನದ ಮಧ್ಯಭಾಗದತ್ತ, ಇಳಿದು ಆಡುವಂತೆ ಕೋಚ್ ಸೂಚಿಸಿದ್ದರೆ ಗೋಲು ಕಡಿಮೆಯಾಗುವುದು ಸಹಜ. ಅವನು ಗೋಲಿಗೆ ಬೆನ್ನು ಮಾಡಿ ಚೆಂಡನ್ನು ಪಡೆದಾಗ ಎದುರಾಳಿಯ ಸೆಂಟರ್ ಬ್ಯಾಕ್ (ರಕ್ಷಣೆಯ ನಡುವಿನ ಆಟಗಾರ) ಅವನ ಬೆನ್ನುಹತ್ತಿ ಮುಂದೆ ಬರುತ್ತಾನೆ, ಹಾಗೆ ತೆರವಾದ ಜಾಗಕ್ಕೆ ವಿಂಗರ್ (ಮೈದಾನದ ಅಂಚಿನಲ್ಲಿ ಆಡುವ ಆಕ್ರಮಣಕಾರ) ನುಗ್ಗುತ್ತಾನೆ, ನಡುವೆ ಇನ್ನೊಬ್ಬನು ಪಾಸ್ ಕೊಟ್ಟಿದ್ದರಂತೂ ಸ್ಟ್ರೈಕರ್‌ನ ಹೆಸರಿಗೆ ಅಸಿಸ್ಟ್ (ಗೋಲಿಗೆ ಕಾರಣವಾದ ಕೊನೆಯ ಪಾಸ್) ಕೂಡ ದಾಖಲಾಗುವುದಿಲ್ಲ.

ಫ್ರಾನ್ಸ್‌ನ ಸ್ಟ್ರೈಕರ್ ಕರೀಂ ಬೆಂಜೆಮಾ ಇದಕ್ಕೆ ಒಳ್ಳೆಯ ನಿದರ್ಶನ. ರಿಯಲ್ ಮ್ಯಾಡ್ರಿಡ್‌ನಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊಗೆ ಜಾಗ ಮಾಡಿಕೊಡುತ್ತಿದ್ದ ಅವರು 2017-18ರ ಲಾ ಲಿಗಾದಲ್ಲಿ (ಸ್ಪೇನ್‌ನ ಅಗ್ರ ಲೀಗ್) ಗಳಿಸಿದ್ದು ಕೇವಲ 5 ಗೋಲು. ಸ್ವಂತ ಮೈದಾನದಲ್ಲೇ ಪ್ರೇಕ್ಷಕರು ಸಿಳ್ಳೆ ಹಾಕಿ ಮೂದಲಿಸಿದ್ದೂ ಉಂಟು. ರೊನಾಲ್ಡೊ ಯುವೆಂಟಸ್‌ಗೆ ಹೋದ ಮೇಲೆ, ಮರು ಋತುವಿನಲ್ಲೇ ಆ ಸಂಖ್ಯೆ 21ಕ್ಕೇರಿತು. 2022ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಪ್ರಶಸ್ತಿಯೂ ಬಂತು. ಹಾಗೆಂದು ಆ ಗೋಲುಗಳ ಬರಗಾಲವನ್ನೆಲ್ಲ ಪಾತ್ರದ ತಲೆಗೇ ಕಟ್ಟುವುದು ನ್ಯಾಯವಲ್ಲ, ಏಕೆಂದರೆ ಅವರು ಸುಲಭದ ಅವಕಾಶಗಳನ್ನೂ ಕೈಚೆಲ್ಲಿದ್ದರು. ಅಭಿಮಾನಿಗಳ ವಾದದಲ್ಲಿ ಎರಡೂ ಕಡೆಯವರು ಮರೆಯುವುದು ಇದನ್ನೇ: ಎರಡು ಕಾರಣಗಳೂ ಒಟ್ಟಿಗೇ ಇರಬಹುದು.

ಇನ್ನು ಫ್ರಾನ್ಸ್‌ನ ಮತ್ತೊಬ್ಬ ಸ್ಟ್ರೈಕರ್ ಒಲಿವಿಯೆ ಜಿರೂ 2018ರ ವಿಶ್ವಕಪ್‌ನಲ್ಲಿ ಒಂದೂ ಗೋಲು ಹೊಡೆಯಲಿಲ್ಲ, ಆದರೂ ಕೋಚ್ ದಿದಿಯೆ ದೆಶಾಂ ಫೈನಲ್‌ನಲ್ಲೂ ಅವರನ್ನೇ ಕಣಕ್ಕಿಳಿಸಿದರು, ಫ್ರಾನ್ಸ್ 4-2ರಿಂದ ಕ್ರೊಯೇಷಿಯಾವನ್ನು ಸೋಲಿಸಿತು.